ಲೆಕ್ಕಕ್ಕೆ ಬರುವ ಹೊಡೆತ



ಗಾಲ್ಫ್ ಎಂದೊಡನೆ ನಮ್ಮಲ್ಲಿ ಬಹಳ ಜನರ ಕಣ್ಣ ಮುಂದೆ ಬರುವುದು ಎತ್ತರದ ಕಾಂಪೌಂಡು, ಅದರಾಚೆಗಿನ ಹಸಿರು, ಲಕ್ಷಗಟ್ಟಲೆಯ ಸದಸ್ಯತ್ವ ಶುಲ್ಕ. ಬೆಂಗಳೂರಿನ ಹೈಗ್ರೌಂಡ್ಸ್‌ನಲ್ಲಿರುವ ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಅದರ ಬೇಲಿಯ ಪಕ್ಕದ ರಸ್ತೆಯಲ್ಲಿ ದಿನವೂ ಓಡಾಡುವ ಸಾವಿರಾರು ಮಂದಿಯಲ್ಲಿ ಒಳಗೆ ಕಾಲಿಟ್ಟವರು ಕೆಲವರೇ. ನಾನು ಈ ಆಟ ಕಲಿತ ಜಾಗ ಬೇರೆ ಬಗೆಯದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಮೋಟಾರು ಕಾರ್ಖಾನೆಗಳ ಊರೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲಿನ ಸಾರ್ವಜನಿಕ ಅಂಗಳದಲ್ಲಿ ಕಲಿತೆ. ಅಮೆರಿಕದಲ್ಲಿ 15,000ಕ್ಕೂ ಹೆಚ್ಚು ಗಾಲ್ಫ್ ಅಂಗಳಗಳಿವೆ. ಅವುಗಳಲ್ಲಿ ಮುಕ್ಕಾಲು ಪಾಲು, ದುಡ್ಡು ಕೊಟ್ಟು ಯಾರು ಬೇಕಾದರೂ ಆಡಬಹುದಾದಂಥವು. ಆ ಅಂಗಳಗಳ ಜೀವಾಳವೆಂದರೆ ವಾರದ ದಿನಗಳಲ್ಲಿ ಸಂಜೆ ನಡೆಯುವ ಲೀಗುಗಳು. ಅಂಥ ಲೀಗು ಒಬ್ಬ ಸಾಧಾರಣ ಆಟಗಾರನ ಆಟವನ್ನು ಏನು ಮಾಡುತ್ತದೆ ಎಂಬುದನ್ನು ಇವತ್ತು ಹೇಳುತ್ತೇನೆ.

ಆಟ ಗೊತ್ತಿಲ್ಲದ ಕೇಳುಗರಿಗಾಗಿ ಎರಡು ಮಾತು. ಒಂದು ಚೆಂಡು, ಹೆಚ್ಚೆಂದರೆ 14 ಕೋಲು, ನೂರಾರು ಗಜ ದೂರದಲ್ಲಿ 108 ಮಿಲಿಮೀಟರ್ ಅಗಲದ ಒಂದು ಕುಳಿ. ಹೊಡೆಯಲು ನಿಲ್ಲುವ ಟೀ ಎಂಬ ಜಾಗದಿಂದ ಆ ಕುಳಿಯವರೆಗಿನ ದಾರಿಗೆ ಒಂದು ಹೋಲ್ ಎನ್ನುತ್ತಾರೆ. ಪೂರ್ತಿ ಆಟಕ್ಕೆ ಹದಿನೆಂಟು ಹೋಲ್, ಸಂಜೆಯ ಲೀಗಿಗೆ ಒಂಬತ್ತು. ಒಳ್ಳೆಯ ಆಟಗಾರನಿಗೆ ಇಷ್ಟು ಹೊಡೆತ ಸಾಕು ಎಂದು ಪ್ರತಿ ಹೋಲಿಗೂ ಗೊತ್ತುಮಾಡಿದ ಸಂಖ್ಯೆ ಪಾರ್. ಕಡಿಮೆ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಸೇರಿಸಿದವನು ಗೆದ್ದ. ಉಳಿದದ್ದನ್ನೆಲ್ಲ ದಾರಿಯಲ್ಲೇ ಹೇಳುತ್ತ ಹೋಗುತ್ತೇನೆ.

ಮಿಷಿಗನ್ನಿನಲ್ಲಿ ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಐದು ಗಂಟೆಗೆ ಕೆಲಸ ಬಿಟ್ಟವರು ಅರ್ಧ ಗಂಟೆಯಲ್ಲಿ ಅಂಗಳ ಸೇರುತ್ತಾರೆ. ಕಾರಿನ ಡಿಕ್ಕಿ ತೆಗೆದು ಅಲ್ಲೇ ಕೂತು ಬೂಟು ಬದಲಿಸಿಕೊಳ್ಳುತ್ತಾರೆ. ಇಬ್ಬಿಬ್ಬರ ತಂಡ, ವಾರಕ್ಕೊಂದು ಎದುರಾಳಿ ತಂಡ. ಏಪ್ರಿಲ್ ಕೊನೆಯ ಚಳಿಯಲ್ಲಿ ಶುರುವಾದದ್ದು ಸೆಪ್ಟೆಂಬರ್ ತನಕ ನಡೆಯುತ್ತದೆ. ಯಾರಿಗಾದರೂ ಬರಲಾಗದಿದ್ದರೆ ಬದಲಿ ಆಟಗಾರನನ್ನು ಅವನೇ ಹುಡುಕಿ ಕಳಿಸಬೇಕು. ಕಾರ್ಖಾನೆಗೊಂದು ಲೀಗ್, ಚರ್ಚಿಗೊಂದು, ಹೆಂಗಸರದ್ದೇ ಒಂದು, ನಿವೃತ್ತರಿಗೆ ಬೆಳಗಿನ ಹೊತ್ತಿನದು ಮತ್ತೊಂದು. ನಾನಿದ್ದ ಲೀಗಿನಲ್ಲಿ ಬೆಸುಗೆಯವರಿದ್ದರು, ಲೆಕ್ಕಪತ್ರದವರಿದ್ದರು, ಶಾಲೆಯ ಮೇಷ್ಟರಿದ್ದರು. ಮೇಲಧಿಕಾರಿಯೂ ಅವರ ಕೈಕೆಳಗಿನವರೂ ಒಂದೇ ಗುಂಪಿನಲ್ಲಿ ನಡೆದು ಹೋಗುತ್ತಿದ್ದರು.

ಲೀಗ್ ಸೇರಿದವರಿಗೆ ಮೊದಲ ತಿಂಗಳಲ್ಲೇ ಆಗುವ ಅನುಭವವೆಂದರೆ ಸ್ಕೋರು ಏರುವುದು. ಭಾನುವಾರ ಗೆಳೆಯರ ಜೊತೆ ಆಡುವಾಗ 45 ಹೊಡೆಯುತ್ತಿದ್ದವನ ಲೀಗಿನ ಕಾರ್ಡಿನಲ್ಲಿ 51 ಎಂದು ಬೀಳುತ್ತದೆ. ಆಟ ಕೆಟ್ಟಿತೆಂದು ಅವನು ಕಂಗಾಲಾಗುತ್ತಾನೆ. ಆ ಹೆಚ್ಚುವರಿ ಹೊಡೆತಗಳು ಹಿಂದೆಯೂ ಇದ್ದವು, ಅವನ್ನು ಯಾರೂ ಬರೆದುಕೊಂಡಿರಲಿಲ್ಲ, ಅಷ್ಟೆ. ಗೆಳೆಯರ ಆಟದಲ್ಲಿ ಮೊದಲ ಹೊಡೆತ ಕೆಟ್ಟರೆ ಮಲಿಗನ್ ಎಂದು ಇನ್ನೊಂದು ಚೆಂಡು ಇಡುತ್ತಾರೆ. ಬೇರಿನ ಪಕ್ಕ ಬಿದ್ದ ಚೆಂಡನ್ನು ಕಾಲಲ್ಲಿ ಒಂದಿಷ್ಟು ಸರಿಸುತ್ತಾರೆ. ಕುಳಿಯಿಂದ ಮೂರಡಿ ದೂರ ಉಳಿದರೆ ಗಿಮ್ಮಿ ಎಂದು ಕೈಗೆತ್ತಿಕೊಳ್ಳುತ್ತಾರೆ. ಒಂದೊಂದೂ ಸ್ನೇಹದ ಮಾತೇ. ಆದರೆ ಒಂಬತ್ತು ಹೋಲಿನಲ್ಲಿ ಇಂಥವು ಐದಾರು ಸೇರಿದರೆ ನಮ್ಮ ಆಟದ ಯಾವ ಭಾಗ ದುರ್ಬಲ ಎಂಬುದೇ ನಮಗೆ ತಿಳಿಯದೆ ಹೋಗುತ್ತದೆ. ತಿಳಿಯದ್ದನ್ನು ತಿದ್ದುವುದು ಹೇಗೆ?

ಕಳೆದುಹೋದ ಚೆಂಡಿನ ವಿಷಯವನ್ನೇ ನೋಡಿ. ನಿಯಮದ ಪ್ರಕಾರ ಹುಡುಕಲು ಮೂರು ನಿಮಿಷ ಮಾತ್ರ. 2019ರ ತಿದ್ದುಪಡಿಗೆ ಮುಂಚೆ ಐದು ನಿಮಿಷವಿತ್ತು. ಸಿಗದಿದ್ದರೆ ಒಂದು ಹೊಡೆತದ ದಂಡ ತೆತ್ತು, ಹಿಂದೆ ಹೊಡೆದ ಜಾಗಕ್ಕೇ ವಾಪಸು ಹೋಗಿ ಹೊಡೆಯಬೇಕು. ಸಂಜೆಯ ಲೀಗಿನಲ್ಲಿ ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ವಾಪಸು ಹೋಗುವುದೆಂದರೆ ಇಡೀ ಅಂಗಳವೇ ನಿಂತಂತೆ. ಅದಕ್ಕಾಗಿಯೇ 2019ರಿಂದ ಒಂದು ಸ್ಥಳೀಯ ನಿಯಮಕ್ಕೆ ಅವಕಾಶ ಕೊಟ್ಟಿದ್ದಾರೆ. ಎರಡು ಹೊಡೆತದ ದಂಡ ಹಾಕಿಕೊಂಡು, ಚೆಂಡು ಕಳೆದ ಅಂದಾಜು ಜಾಗದ ನೇರಕ್ಕೆ ಹುಲ್ಲು ಸಮನಾಗಿ ಕತ್ತರಿಸಿದ ಫೇರ್‌ವೇ ಎಂಬ ದಾರಿಯ ಅಂಚಿನಲ್ಲಿ ಬೇರೆ ಚೆಂಡು ಬಿಟ್ಟು ಮುಂದುವರಿಯಬಹುದು. ಪ್ರತಿ ಲೀಗೂ ಇದನ್ನು ಒಪ್ಪಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಆಟವೂ ಸಾಗುತ್ತದೆ, ಕಾಡಿಗೆ ಹೊಡೆದದ್ದಕ್ಕೆ ಬೆಲೆಯೂ ಸಲ್ಲುತ್ತದೆ. ಹೀಗೆ ಎರಡೆರಡು ಸಲ ಕಾರ್ಡಿನಲ್ಲಿ ಏಳು, ಎಂಟು ಎಂದು ಬರೆಸಿಕೊಂಡವನು ಮೂರನೆಯ ವಾರ ಟೀ ಮೇಲೆ ನಿಂತಾಗ ದೊಡ್ಡ ಡ್ರೈವರನ್ನು ಚೀಲದಲ್ಲೇ ಬಿಟ್ಟು ಚಿಕ್ಕ ಕೋಲು ಹಿರಿಯುತ್ತಾನೆ. ಯಾವ ಕೋಚೂ ಅಷ್ಟು ಬೇಗ ಕಲಿಸಲಾರದ ಪಾಠ ಅದು.

ಇನ್ನು ಆ ಮೂರಡಿಯ ಪಟ್, ಅಂದರೆ ಚೆಂಡನ್ನು ಕುಳಿಯತ್ತ ಮೆಲ್ಲಗೆ ತಟ್ಟುವ ಹೊಡೆತ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಲೇಬೇಕು. ಸಂಜೆ ಏಳೂವರೆಯ ಹೊತ್ತಿಗೆ ಕುಳಿಯಿರುವ ಗ್ರೀನ್ ಎಂಬ ಜಾಗದ ಹುಲ್ಲು ಬೆಳಗ್ಗೆ ಕತ್ತರಿಸಿದಾಗ ಇದ್ದಂತೆ ಇರುವುದಿಲ್ಲ. ದಿನವಿಡೀ ಆಡಿದವರೆಲ್ಲ ಕುಳಿಯ ಸುತ್ತಲೇ ಓಡಾಡಿರುತ್ತಾರೆ. ಕುಳಿಗೆ ತೀರ ಹತ್ತಿರ ಯಾರೂ ಹೆಜ್ಜೆ ಇಡುವುದಿಲ್ಲವಾದ್ದರಿಂದ ಅಲ್ಲಿ ಒಂದು ಸಣ್ಣ ದಿಬ್ಬ ಉಳಿದು, ಅದರ ಸುತ್ತ ತುಳಿದ ಜಾಗ ತಗ್ಗಾಗಿರುತ್ತದೆ. ಮೆಲ್ಲಗೆ ತಟ್ಟಿದ ಚೆಂಡು ಕೊನೆಯ ಗೇಣಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಇಳಿಬಿಸಿಲು ಅಡ್ಡಲಾಗಿ ಬೀಳುವುದರಿಂದ ನಿಮ್ಮದೇ ನೆರಳು ದಾರಿಯ ಮೇಲೆ ಚಾಚಿರುತ್ತದೆ. ಜೊತೆಗಾರ ಕೈಕಟ್ಟಿ ನಿಂತಿದ್ದಾನೆ. ಅವನ ಅಂಕವೂ ನಿಮ್ಮ ಅಂಕವೂ ಸೇರಿಯೇ ತಂಡದ ಅಂಕ. ಎದುರಾಳಿಯ ಕೈಯಲ್ಲಿ ಮೋಟು ಪೆನ್ಸಿಲ್. ಭಾನುವಾರ ಕೈಗೆತ್ತಿಕೊಂಡು ಮುಂದೆ ನಡೆಯುತ್ತಿದ್ದ ಅದೇ ಮೂರಡಿ ಈಗ ಬೆರಳುಗಳನ್ನು ಬಿಗಿಗೊಳಿಸುತ್ತದೆ. ಮನೆಯ ಪಡಸಾಲೆಯಲ್ಲಿ ಸರಾಗವಾಗಿ ಹಾಡುವವರು ಶ್ರುತಿಪೆಟ್ಟಿಗೆ, ಮೃದಂಗ, ಎದುರಿಗೆ ನಾಲ್ಕು ಸಾಲು ರಸಿಕರು ಇರುವಾಗ ಅದೇ ಕೃತಿಯ ಎತ್ತುಗಡೆಗೆ ತಡವರಿಸುವುದಿಲ್ಲವೇ, ಹಾಗೆ.

ಈ ಬಿಗಿತದ ಬಗ್ಗೆ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪಟಿಂಗ್ ಕಲಿಯುವವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಸುಮ್ಮನೆ ಅಭ್ಯಾಸ ಮಾಡಿತು. ಎರಡನೆಯದರ ಗಮನವನ್ನು ಅಭ್ಯಾಸದ ನಡುವೆ ಬೇರೆ ಕೆಲಸ ಕೊಟ್ಟು ಸೆಳೆದರು. ಮೂರನೆಯದರ ಮುಂದೆ ವಿಡಿಯೊ ಕ್ಯಾಮೆರಾ ಇಟ್ಟು, ನಿಮ್ಮ ಹೊಡೆತಗಳನ್ನು ಬಲ್ಲವರು ನೋಡಲಿದ್ದಾರೆ ಎಂದರು. ಕೊನೆಗೆ ಎಲ್ಲರ ಮೇಲೂ ಒತ್ತಡ ಹೇರಿ ಪರೀಕ್ಷಿಸಿದಾಗ ಮೊದಲೆರಡು ಗುಂಪಿನವರ ಕೈ ಸೋತಿತು, ಕ್ಯಾಮೆರಾದ ಮುಂದೆ ಕಲಿತವರದು ಸೋಲಲಿಲ್ಲ. ಇದನ್ನು ಓದಿದಾಗ ನನಗೆ ಲೀಗಿನ ಸಂಜೆಗಳೇ ನೆನಪಾದವು. ಯಾರೋ ನೋಡುತ್ತಿದ್ದಾರೆ ಎಂಬ ಅರಿವಿನಲ್ಲಿ ವಾರವಾರವೂ ಹೊಡೆದು ಹೊಡೆದು ಅದೇ ಅಭ್ಯಾಸವಾಗಿಬಿಡುತ್ತದೆ. ಜುಲೈ ಹೊತ್ತಿಗೆ ಮೂರಡಿಯ ಮುಂದೆ ಉಸಿರು ಸಮವಾಗಿರುತ್ತದೆ. ಅಭ್ಯಾಸದ ರೀತಿಯೂ ಬದಲಾಗುತ್ತದೆ. ನಾನಂತೂ ಪಟಿಂಗ್ ಗ್ರೀನಿನಲ್ಲಿ ಬುಟ್ಟಿ ಸುರಿದುಕೊಂಡು ಒಂದೇ ಜಾಗದಿಂದ ತಟ್ಟುವುದನ್ನು ಬಿಟ್ಟೆ. ಒಂದೇ ಚೆಂಡು, ಪ್ರತಿ ಸಲವೂ ಬೇರೆ ಜಾಗ, ತಪ್ಪಿದರೆ ನಡೆದುಹೋಗಿ ಮುಗಿಸುವುದು. ಅಂಗಳದಲ್ಲಿ ಎರಡನೆಯ ಅವಕಾಶವಿಲ್ಲದ ಮೇಲೆ ಅಭ್ಯಾಸದಲ್ಲಿ ಯಾಕಿರಬೇಕು?

ಕೆಲವು ಲೀಗುಗಳಲ್ಲಿ ಎದುರಾಳಿ ಮನಸ್ಸು ಮಾಡಿದರೆ ನಿಮ್ಮ ಪಟ್ಟನ್ನು ಬಿಟ್ಟುಕೊಡಬಹುದು, ಅಂದರೆ ಹೊಡೆಯದೆಯೇ ಒಳಗೆ ಬಿತ್ತೆಂದು ಒಪ್ಪಬಹುದು. ಒಬ್ಬರೆದುರು ಒಬ್ಬರು ಹೋಲ್ ಹೋಲಿಗೆ ಗೆಲ್ಲುವ ಆಟದಲ್ಲಿ, ಅಂದರೆ ಮ್ಯಾಚ್ ಪ್ಲೇಯಲ್ಲಿ, ನಿಯಮವೇ ಅದನ್ನು ಒಪ್ಪುತ್ತದೆ. ತಂಡಗಳ ನಡುವೆ ನಡೆಯುವ ರೈಡರ್ ಕಪ್ಪಿನ 1969ರ ಪಂದ್ಯದ ಕೊನೆಯ ಹೋಲಿನಲ್ಲಿ ಜ್ಯಾಕ್ ನಿಕ್ಲಾಸ್ ಎದುರಾಳಿ ಟೋನಿ ಜ್ಯಾಕ್ಲಿನ್‌ಗೆ ಎರಡಡಿ ಆಸುಪಾಸಿನ ಪಟ್ ಬಿಟ್ಟುಕೊಟ್ಟರು. ಪಂದ್ಯ 16–16ಕ್ಕೆ ಸಮವಾಯಿತು; ಆ ಕಪ್ಪಿನ ಇತಿಹಾಸದಲ್ಲಿ ಮೊದಲ ಸಮ. ಎಂಥ ದೊಡ್ಡ ಮನಸ್ಸು! ಆದರೆ ಒಟ್ಟು ಹೊಡೆತದ ಲೆಕ್ಕವೂ ಇರುವ ಲೀಗಿನಲ್ಲಿ ಚೆಂಡು ಕುಳಿಯೊಳಗೆ ಬೀಳಲೇಬೇಕು. ಕಲಿಯುವವನಿಗೆ ಅದೇ ಒಳ್ಳೆಯದು.

ಬಲಾಬಲ ಸರಿದೂಗಿಸಲು ಹ್ಯಾಂಡಿಕ್ಯಾಪ್ ಎಂಬ ಹೊಡೆತಗಳ ರಿಯಾಯಿತಿ ಇದೆ. 2020ರಿಂದ ಭಾರತವೂ ಸೇರಿದಂತೆ ಬಹುಪಾಲು ದೇಶಗಳಲ್ಲಿ ಒಂದೇ ಪದ್ಧತಿ ನಡೆಯುತ್ತಿದೆ. ನಿಮ್ಮ ಇತ್ತೀಚಿನ 20 ಆಟಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯಿಂದ ಅದು ಹೊರಡುತ್ತದೆ; ಮೇಲಿನ ಮಿತಿ 54. ಒಳ್ಳೆಯ ದಿನಗಳನ್ನೇ ಹೆಕ್ಕುವುದರಿಂದ ಸಾಧಾರಣ ದಿನ ಅದಕ್ಕಿಂತ ನಾಲ್ಕಾರು ಹೊಡೆತ ಹೆಚ್ಚೇ ಆಗುತ್ತದೆ. ಇದು ತಿಳಿಯದೆ ಬೇಸರಪಟ್ಟುಕೊಳ್ಳುವವರು ಬಹಳ. ಸಣ್ಣ ಲೀಗುಗಳು ತಮ್ಮದೇ ಸೂತ್ರ ಇಟ್ಟುಕೊಳ್ಳುವುದೂ ಉಂಟು. ಎದುರಾಳಿಗಿಂತ ನನಗೆ ಐದು ಹೊಡೆತ ಹೆಚ್ಚು ಸಿಕ್ಕಿತೆನ್ನಿ. ಒಂಬತ್ತರಲ್ಲಿ ಅತಿ ಕಠಿಣವೆಂದು ಕಾರ್ಡಿನಲ್ಲಿ ಗುರುತಿಸಿದ ಐದು ಹೋಲುಗಳಲ್ಲಿ ನನ್ನ ಲೆಕ್ಕದಿಂದ ಒಂದೊಂದು ಕಳೆಯುತ್ತಾರೆ. ಆ ಹೋಲುಗಳಲ್ಲಿ ನಾನು ಐದಕ್ಕೆ ಮುಗಿಸಿದರೂ ನಾಲ್ಕಕ್ಕೆ ಮುಗಿಸಿದ ಪಟುವಿಗೆ ಸಮ. ಹಾಗಾಗಿ ನನಗಿಂತ ಎಷ್ಟೋ ಮೇಲಿನವನ ಎದುರು ನಿಂತಾಗಲೂ ಆಟ ಬಿಗಿಯಾಗಿಯೇ ನಡೆಯುತ್ತದೆ. ಅವನು ಕಠಿಣ ಜಾಗದಲ್ಲಿ ಏನು ಮಾಡುತ್ತಾನೆಂದು ಎರಡು ಗಂಟೆ ಹತ್ತಿರದಿಂದ ನೋಡುವ ಭಾಗ್ಯ ಬೇರೆ. ನನ್ನಂಥವನಿಗೆ ಅಂಥವನ ಜೊತೆ ಆಡುವ ಅವಕಾಶ ಲೀಗ್ ಇಲ್ಲದೆ ಸಿಗುತ್ತಿರಲಿಲ್ಲ.

ನನ್ನ ಜೊತೆಗಾರ ಅಚ್ಚು ತಯಾರಿಸುವ ವಿಭಾಗದಿಂದ ನಿವೃತ್ತನಾಗಿದ್ದ ಹಿರಿಯ. ದೂರ ಹೊಡೆಯುವ ಶಕ್ತಿ ಅವನಿಗಿರಲಿಲ್ಲ. ಒಮ್ಮೆ ಅವನ ಚೆಂಡು ಮೇಪಲ್ ಮರಗಳ ನಡುವೆ ಹೋಗಿ ನಿಂತಿತು. ಎದುರಿಗೆ ಎರಡು ಕಾಂಡಗಳ ಮಧ್ಯೆ ಬಾಗಿಲಿನಷ್ಟು ಕಿಂಡಿ, ಅದರಾಚೆ ನೇರಕ್ಕೆ ಬಾವುಟ. ನಾನಾಗಿದ್ದರೆ ಆ ಕಿಂಡಿಯನ್ನೇ ನೋಡುತ್ತಿದ್ದೆ. ಅವನು ಅತ್ತ ಕಣ್ಣೂ ಹಾಯಿಸಲಿಲ್ಲ. ಏಳನೆಯ ನಂಬರಿನ ಕಬ್ಬಿಣದ ಕೋಲನ್ನು ಮೋಟಾಗಿ ಹಿಡಿದು, ಪಕ್ಕಕ್ಕೆ, ಬಂದ ದಾರಿಯತ್ತಲೇ ಒಂದಿಷ್ಟು ಹಿಂದಕ್ಕೆ, ಚೆಂಡನ್ನು ನೆಲದ ಮೇಲೆ ಉರುಳಿಸಿ ಫೇರ್‌ವೇಗೆ ತಂದ. ಅಲ್ಲಿಂದ ಗ್ರೀನ್ ಹತ್ತಿರಕ್ಕೆ ಒಂದು, ಕುಳಿಯ ಬಳಿಗೆ ಒಂದು, ಒಳಕ್ಕೆ ಒಂದು. ಪಾರಿಗಿಂತ ಒಂದೇ ಹೆಚ್ಚು. ಅದೇ ಮರಗಳೊಳಗಿದ್ದ ಎದುರಾಳಿ ಕಿಂಡಿಗೆ ಗುರಿಯಿಟ್ಟ. ಕಾಂಡಕ್ಕೆ ಬಡಿದ ಸದ್ದು ನಮಗೂ ಕೇಳಿಸಿತು. ಹೋಲ್ ನಮ್ಮದಾಯಿತು. ಆಮೇಲೆ ಕೇಳಿದಾಗ, "ಮರಕ್ಕೆ ಒಂದು ಹೊಡೆತ ಕೊಟ್ಟರೆ ಸಾಕಪ್ಪ, ಮೂರು ಯಾಕೆ ಕೊಡಬೇಕು?" ಎಂದ.

ಅವನ ಮಾತಿಗೆ ಅಂಕಿಅಂಶದ ಬೆಂಬಲವೂ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಲಕ್ಷಾಂತರ ಹೊಡೆತಗಳ ಅಂಕಿಅಂಶ ಕೂಡಿಸಿ 2014ರಲ್ಲಿ ಒಂದು ಪುಸ್ತಕ ಬರೆದರು. ಪಟ್ ತಪ್ಪಿದ್ದರಿಂದಲೇ ಸೋತೆ ಎಂದು ನಾವೆಲ್ಲ ಹಲುಬುತ್ತೇವಲ್ಲ, ಅವರ ಲೆಕ್ಕ ಬೇರೆಯೇ ಹೇಳುತ್ತದೆ. ಉತ್ತಮ ಆಟಗಾರನಿಗೂ ಸಾಧಾರಣನಿಗೂ ಇರುವ ಅಂತರದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹುಟ್ಟುವುದು ನೂರು ಗಜಕ್ಕಿಂತ ಆಚೆಯ ಹೊಡೆತಗಳಲ್ಲಿ. ಎಂಟಡಿಯಿಂದ ವೃತ್ತಿಪರರು ಕೂಡ ಎರಡಕ್ಕೊಂದು ತಪ್ಪಿಸುತ್ತಾರೆ. ಲೀಗಿನ ಕಾರ್ಡುಗಳನ್ನು ಎಸೆಯದೆ ಇಟ್ಟುಕೊಂಡವರಿಗೆ ಇದು ತಾನಾಗಿ ಕಾಣುತ್ತದೆ. ಯಾವ ಹೋಲಿನಲ್ಲಿ ಏಳು ಬಿತ್ತು, ಅದು ಯಾವ ಹೊಡೆತದಿಂದ ಶುರುವಾಯಿತು ಎಂದು ಅಂಚಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ಬೇಸಿಗೆ ಮುಗಿಯುವ ಹೊತ್ತಿಗೆ ಕಾರ್ಡುಗಳು ಮರಗಳ ಕಡೆಗೇ ಬೆರಳು ಮಾಡುತ್ತಿರುತ್ತವೆ.

ಆ ಕಾರ್ಡಿನ ಲೆಕ್ಕ ನಿಂತಿರುವುದು ಆಟಗಾರನ ಪ್ರಾಮಾಣಿಕತೆಯ ಮೇಲೆ. ಸಾಮಾನ್ಯವಾಗಿ ಅಂಪೈರ್ ಇಲ್ಲದ ಆಟವಿದು. ಮರದ ಹಿಂದೆ ಚೆಂಡು ಅಲುಗಿತೋ ಇಲ್ಲವೋ ಎಂಬುದು ಹೊಡೆದವನಿಗೆ ಮಾತ್ರ ಗೊತ್ತು. 1925ರ ಅಮೆರಿಕನ್ ಓಪನ್‌ನಲ್ಲಿ ಆಟಗಾರ ಬಾಬಿ ಜೋನ್ಸ್ ತಮ್ಮ ಚೆಂಡು ಅಲುಗಿತೆಂದು, ಬೇರೆ ಯಾರೂ ಕಾಣದಿದ್ದರೂ, ತಾವೇ ಹೇಳಿ ದಂಡ ಹಾಕಿಸಿಕೊಂಡರು. ಆ ಪಂದ್ಯ ಸಮವಾಗಿ, ನಡೆದ ಮರುಪಂದ್ಯದಲ್ಲಿ ಸೋತರು. ಲೀಗಿನ ಸಂಜೆಗಳಲ್ಲೂ ಇಂಥದ್ದು ನಡೆಯುತ್ತಲೇ ಇರುತ್ತದೆ, ಪತ್ರಿಕೆಯಲ್ಲಿ ಬರುವುದಿಲ್ಲ. ಪೊದೆಯೊಳಗಿನಿಂದ ಒಬ್ಬಾತ "ಐದಲ್ಲ, ಆರು" ಎಂದು ಕೂಗಿ ಹೇಳುವುದನ್ನು ಕೇಳಿದ್ದೇನೆ. ಅವನ ಬಗ್ಗೆ ನನಗೆ ಹುಟ್ಟಿದ ಗೌರವ ಇಂದಿಗೂ ಇದೆ.

ಇಷ್ಟೆಲ್ಲ ಹೇಳಿದ ಮೇಲೆ ಲೀಗಿನಿಂದ ಆಗುವ ಕೆಡುಕನ್ನೂ ಹೇಳಬೇಕು. ವಾರವಾರವೂ ಅದೇ ಒಂಬತ್ತು ಹೋಲ್. ಎರಡು ತಿಂಗಳಲ್ಲಿ ಪ್ರತಿ ಇಳಿಜಾರೂ ಬಾಯಿಪಾಠ. ಹೊಸ ಅಂಗಳಕ್ಕೆ ಹೋದ ದಿನ ದೂರ ಅಂದಾಜಿಸಲು ಬಾರದೆ ತಬ್ಬಿಬ್ಬಾಗುತ್ತೇವೆ. ಒಂಬತ್ತಕ್ಕೆ ಒಗ್ಗಿದ ದೇಹ, ಮನಸ್ಸು ಹದಿನೆಂಟರ ಆಟದಲ್ಲಿ ಹನ್ನೆರಡನೆಯ ಹೋಲಿಗೇ ದಣಿಯುತ್ತವೆ. ಇವು ಸಣ್ಣ ತೊಂದರೆಗಳು. ದೊಡ್ಡದೆಂದರೆ ಹೊಡೆಯುವ ಶೈಲಿಯನ್ನು ತಿದ್ದಿಕೊಳ್ಳಲು ಧೈರ್ಯ ಬಾರದೆ ಹೋಗುವುದು. ತಿದ್ದಲು ಹೊರಟರೆ ಒಂದೆರಡು ತಿಂಗಳು ಆಟ ಕೆಡುತ್ತದೆ. ಜೊತೆಗಾರನ ಅಂಕ ಕೆಡಿಸಲು ಯಾರಿಗೆ ಮನಸ್ಸು ಬಂದೀತು? ಹಳೆಯ ದೋಷವನ್ನೇ ಅಂಗೈಯಲ್ಲಿಟ್ಟು ಕಾಪಾಡಿಕೊಂಡು ಬರುತ್ತೇವೆ. ವರ್ಷಗಟ್ಟಲೆ ಲೀಗ್ ಆಡಿಯೂ ಒಂದೇ ಹ್ಯಾಂಡಿಕ್ಯಾಪಿನಲ್ಲಿ ನಿಂತವರನ್ನು ನೋಡಿದ್ದೇನೆ. ಅವರಿಗೆ ಒತ್ತಡ ತಾಳುವ ಶಕ್ತಿ ಇದೆ, ಹೊಡೆತ ಮಾತ್ರ ಬೆಳೆದಿಲ್ಲ. ದೊಡ್ಡ ತಿದ್ದುಪಡಿಗೆ ಚಳಿಗಾಲವೇ ಸರಿಯಾದ ಕಾಲ. ಅಂಗಳ ಹಿಮದಡಿಯಲ್ಲಿದ್ದಾಗ ಒಳಾಂಗಣದ ಬಲೆಯೊಳಕ್ಕೆ ಹೊಡೆಯುತ್ತ ಕಲಿಯಬೇಕು. ಲೀಗ್ ನಡೆಯುವ ತಿಂಗಳುಗಳಲ್ಲೂ ವಾರಕ್ಕೊಂದು ಸಂಜೆ ಕಾರ್ಡು, ಪೆನ್ಸಿಲ್ ಮುಟ್ಟದೆ ಆಡಬೇಕು. ಈ ಎರಡೂ ಇಲ್ಲದೆ ಬರೀ ಲೀಗನ್ನೇ ನೆಚ್ಚಿಕೊಳ್ಳಬೇಡಿ ಎಂದು ಯಾರಿಗಾದರೂ ಹೇಳುತ್ತೇನೆ.

ಭಯ ಹೆಚ್ಚಿರುವ ಹೊಸಬರಿಗೆ ಸ್ಟೇಬಲ್‌ಫರ್ಡ್ ಎಂಬ ಪದ್ಧತಿ ಒಳ್ಳೆಯದು. ಇಂಗ್ಲೆಂಡಿನ ಡಾಕ್ಟರ್ ಫ್ರಾಂಕ್ ಸ್ಟೇಬಲ್‌ಫರ್ಡ್ ರೂಪಿಸಿದ್ದು. 1932ರಲ್ಲಿ ವಾಲಸಿ ಕ್ಲಬ್ಬಿನಲ್ಲಿ ಅದರ ಸ್ಪರ್ಧೆ ನಡೆಯಿತು. ಹ್ಯಾಂಡಿಕ್ಯಾಪ್ ಕಳೆದು ಪಾರ್ ಬಂದರೆ ಎರಡು ಅಂಕ, ಪಾರಿಗಿಂತ ಒಂದು ಕಡಿಮೆಯಾದರೆ ಮೂರು, ಒಂದು ಹೆಚ್ಚಾದರೆ ಒಂದು, ಅದಕ್ಕಿಂತ ಕೆಟ್ಟರೆ ಸೊನ್ನೆ. ಒಂದು ಹೋಲಿನಲ್ಲಿ ಹತ್ತು ಹೊಡೆದರೂ ಅಲ್ಲಿಗೇ ಚೆಂಡು ಎತ್ತಿಕೊಂಡು ಮುಂದಿನ ಟೀಗೆ ನಡೆಯಬಹುದು. ಒಂದು ಕೆಟ್ಟ ಹೋಲಿಗೆ ಸಂಜೆಯೆಲ್ಲ ಬಲಿಯಾಗುವುದಿಲ್ಲ.

ನಮ್ಮ ನಾಡಿನಲ್ಲಿ ಇಂಥ ಲೀಗ್ ಸಾಧ್ಯವೇ? ಪ್ರತಿಭೆಗೆ ಕೊರತೆಯಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಬಾಲ್ಯದಲ್ಲೇ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳದಲ್ಲಿ ಕಲಿತವರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ಅವರಿಗಿಂತ ಬಹಳ ದೂರ ಹೊಡೆಯುವವರ ನಡುವೆ, ಪಟಿಂಗ್ ಬಲದಿಂದಲೇ ಕೊನೆಯ ಹೋಲಿನವರೆಗೂ ಪದಕದ ಅಂಚಿನಲ್ಲಿದ್ದರು. ಪದಕ ತಪ್ಪಿದ್ದು ಒಂದೇ ಹೊಡೆತದಲ್ಲಿ. ನಾಲ್ಕು ದಿನ, 72 ಹೋಲ್, ಒಂದು ಹೊಡೆತ. ಅಂದು ಬೆಳಗಿನ ಜಾವ ಎದ್ದು ಟೀವಿ ಮುಂದೆ ಕೂತ ಎಷ್ಟೋ ಕನ್ನಡಿಗರು ಮೊದಲ ಸಲ ಗಾಲ್ಫ್ ನೋಡಿದರು.

ಕೊರತೆಯಿರುವುದು ಜಾಗದ್ದು ಮತ್ತು ಬೆಳಕಿನದು. ನಮ್ಮಲ್ಲಿ ಹೆಚ್ಚಿನ ಅಂಗಳಗಳು ಸದಸ್ಯರಿಗೆ ಮಾತ್ರ. ಕ್ಲಬ್ಬಿನೊಳಗೆ ಪಂದ್ಯಗಳು ನಡೆಯುತ್ತವೆ, ಹೊರಗಿನ ಕಾರ್ಮಿಕನಿಗೋ ಮೇಷ್ಟರಿಗೋ ಅಲ್ಲಿ ಪ್ರವೇಶವಿಲ್ಲ. ಬೆಳಕಿನ ಮಾತಿಗೆ ಬಂದರೆ, ಬೆಂಗಳೂರಿನಲ್ಲಿ ವರ್ಷದ ಯಾವ ದಿನವೂ ಸಂಜೆ ಏಳರ ತನಕ ಸೂರ್ಯನಿರುವುದಿಲ್ಲ. ಕಚೇರಿ ಮುಗಿಸಿ ಒಂಬತ್ತು ಹೋಲ್ ಆಡುವ ಮಿಷಿಗನ್ನಿನ ಪದ್ಧತಿಯನ್ನು ಇಲ್ಲಿಗೆ ಹಾಗೆಯೇ ತರಲಾಗದು. ಆದರೆ ಪಟಿಂಗಿಗೆ ಅಷ್ಟು ಜಾಗವೂ ಬೇಡ, ಸೂರ್ಯನೂ ಬೇಡ. ದೂರದ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜುಗಳಲ್ಲಿ ಹಲವದರ ಪಕ್ಕದಲ್ಲಿ ಪಟಿಂಗ್ ಗ್ರೀನ್ ಇರುತ್ತದೆ, ದೀಪವೂ ಇರುತ್ತದೆ. ಅಲ್ಲಿ ಎಂಟು ಜನ ಸೇರಿದರೆ ನಾಲ್ಕು ತಂಡ. ಮೂರಡಿಯಿಂದ ಮೂವತ್ತಡಿಯವರೆಗೆ ಒಂಬತ್ತು ಜಾಗ ಗುರುತು ಮಾಡಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದೇ ಚೆಂಡು, ಗಿಮ್ಮಿ ಇಲ್ಲ, ಎದುರಾಳಿಯ ಕಾರ್ಡನ್ನು ನೀವು ಬರೆಯಬೇಕು, ನಿಮ್ಮದನ್ನು ಅವರು. ಬುಧವಾರ ಎಂದರೆ ಬುಧವಾರವೇ. ಬರಲಾಗದವರು ಬದಲಿ ಆಟಗಾರರನ್ನು ಕಳಿಸಲಿ. ಮಳೆ ಬಂದರೆ ಮುಂದಿನ ವಾರ ಎರಡು ಸುತ್ತು ಆಡಿ. ಹ್ಯಾಂಡಿಕ್ಯಾಪಿನ ಲೆಕ್ಕವನ್ನು ಮೊದಲ ನಾಲ್ಕು ವಾರದ ಕಾರ್ಡುಗಳಿಂದಲೇ ಕಟ್ಟಬಹುದು. ಕೂಡುವ, ಕಳೆಯುವ ಲೆಕ್ಕ ಬಂದರೆ ಸಾಕು. ಮನೆಯ ಮಕ್ಕಳನ್ನೂ ಸೇರಿಸಿಕೊಳ್ಳಿ. ಮೂರಡಿಯ ದೂರದಲ್ಲಿ ಹನ್ನೆರಡರ ಹುಡುಗಿಗೂ ಐವತ್ತರ ಅಪ್ಪನಿಗೂ ತೋಳ್ಬಲದ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ.